ತಂತಿ ಕೇಳಿಸದ ರಿಕಾರ್ಡುಗಳು

ನಮ್ಮ ಷಡ್ಡಕನ ಮಗಳೂ ಅವಳ ಗಂಡನೂ ಕೊಲ್ಲಾಪುರದ ರಾಜಾರಾಮಪುರಿಯಲ್ಲಿ ಗ್ರಾಮಫೋನ್ ರಿಕಾರ್ಡುಗಳ ಅಂಗಡಿ ತೆರೆಯುತ್ತಿದ್ದಾರೆ. ಸತ್ತೇಹೋದವು ಎಂದು ನಾವೆಲ್ಲ ಕೈತೊಳೆದುಕೊಂಡಿದ್ದ ಆ ಕರಿಯ ತಟ್ಟೆಗಳಿಗೆ ಈಗ ಮತ್ತೆ ಗಿರಾಕಿಗಳು ಹುಟ್ಟಿದ್ದಾರಂತೆ. "ಕಾಕಾ, ನೀವು ಹದಿನೇಳು ವರ್ಷ ಇದ ಕೆಲಸಾ ಮಾಡೀರಿ. ನಮಗ ಉಪಯೋಗ ಬೀಳೂವಂಥದ್ದ ಏನಾರ ಬರದ ಕೊಡ್ರಿ" ಎಂದು ಹುಡುಗಿ ಗಂಟುಬಿದ್ದಳು. ನಾನು ಕಸ ಗುಡಿಸುವವನಾಗಿ ಸೇರಿ ಹಣದ ಗಲ್ಲೆಯ ಮೇಲೆ ಕೂರುವ ಮ್ಯಾನೇಜರ್ ಆದ ಕಥೆಯಿಂದ ಅವರಿಗೇನೂ ಪ್ರಯೋಜನವಿಲ್ಲ, ಅದನ್ನು ಬಿಟ್ಟಿದ್ದೇನೆ. ಮಾಡಿದ ತಪ್ಪುಗಳನ್ನು ಬರೆದಿದ್ದೇನೆ. ಒಬ್ಬ ಗಿರಾಕಿಯ ವಿಷಯ ಸ್ವಲ್ಪ ಹೆಚ್ಚಾಗಿದೆ. ಅದನ್ನು ಕಡಿಮೆ ಮಾಡಲು ಮನಸ್ಸಾಗಲಿಲ್ಲ.

ನನ್ನ ಊರು ಗಡಹಿಂಗ್ಲಜ ತಾಲೂಕಿನ ನೇಸರಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮ್ಯಾಟ್ರಿಕ್ ಆದ ಮೇಲೆ ಕೊಲ್ಲಾಪುರಕ್ಕೆ ಬಂದು, ಎಪ್ಪತ್ತರ ದಶಕದ ಆರಂಭದಲ್ಲಿ, ಲಕ್ಷ್ಮೀಪುರಿಯ ಒಂದು ರೇಡಿಯೋ ಮತ್ತು ರಿಕಾರ್ಡ್ ಅಂಗಡಿಯಲ್ಲಿ ಸೇರಿಕೊಂಡೆ. ಮಾಲಕರು ಗಡಹಿಂಗ್ಲಜದ ಲಿಂಗಾಯತ ವ್ಯಾಪಾರಿ ಮನೆತನದವರು. ಎಲ್ಲರೂ ಅಪ್ಪಾಸಾಹೇಬ್ ಎನ್ನುತ್ತಿದ್ದರು. ದಪ್ಪ ಕನ್ನಡಕ, ಬಿಳಿ ಟೊಪ್ಪಿಗೆ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಗಿರಾಕಿಗಳೊಡನೆ ಮರಾಠಿ, ನನ್ನನ್ನು ಬೈಯುವಾಗ ಮಾತ್ರ ಕನ್ನಡ.

ಮೊದಲ ಎರಡು ತಿಂಗಳು ಅವರು ನನಗೆ ರಿಕಾರ್ಡು ಮುಟ್ಟಲು ಬಿಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂರಿಸುತ್ತಿದ್ದರು. ತಾವು ಹಿಂದೆ ನಿಂತು ಒಂದೇ ರಿಕಾರ್ಡನ್ನು ಎರಡು ಸಲ ಹಚ್ಚುತ್ತಿದ್ದರು. ಒಂದು ಸಲ ಹೊಸ ಸೂಜಿ, ಇನ್ನೊಂದು ಸಲ ಸವೆದ ಸೂಜಿ. "ಯಾವುದು ಸವದದ್ದು, ಹೇಳು." ತಪ್ಪು ಹೇಳಿದರೆ ಇನ್ನೊಮ್ಮೆ. ಆಗ ನನಗೆ ಇದೊಂದು ಹುಚ್ಚಿನಂತೆ ಕಾಣುತ್ತಿತ್ತು. ಮೂರನೆಯ ತಿಂಗಳು, ಗಿರಾಕಿಯೊಬ್ಬ ತನ್ನ ಮನೆಯ ಪ್ಲೇಯರ್ ತಂದು ಹಾಡು ಹಚ್ಚಿದಾಗ, ನೋಡದೆಯೇ "ಸೂಜಿ ಹೋಗೇತ್ರಿ" ಎಂದುಬಿಟ್ಟೆ. ಮರುದಿನದಿಂದ ಅಪ್ಪಾಸಾಹೇಬರು ರಿಕಾರ್ಡು ಮುಟ್ಟಲು ಬಿಟ್ಟರು.

ಬ್ಲೂಸ್ ಎಂಬ ಸಂಗೀತ ನನ್ನ ಬದುಕಿನಲ್ಲಿ ಬಂದದ್ದು ನನ್ನದೇ ತಪ್ಪಿನಿಂದ. ಪ್ರತಿ ರಿಕಾರ್ಡಿಗೂ ಅಕ್ಷರ ಮತ್ತು ಅಂಕೆ ಸೇರಿದ ಒಂದು ನಂಬರ್ ಇರುತ್ತದೆ. ಮುಂಬೈಗೆ ಆರ್ಡರ್ ಬರೆಯುವಾಗ ಆ ನಂಬರ್ ಬರೆದರೆ ಸಾಕು, ಹಾಡಿನ ಹೆಸರು ಬೇಕಿಲ್ಲ. ಹಳೆಯ ಮರಾಠಿ ನಾಟಕದ ಹಾಡುಗಳ ಮರುಮುದ್ರಣಕ್ಕೆ ಗಣಪತಿ ಹಬ್ಬದ ಮುಂಚೆ ಭಾರಿ ಬೇಡಿಕೆ. ನಾನು ಅವಸರದಲ್ಲಿ ಎರಡು ಅಂಕೆಗಳನ್ನು ಹಿಂದುಮುಂದಾಗಿ ಬರೆದೆ. ರೈಲ್ವೆ ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ಮೇಲಿನ ರಟ್ಟಿನ ಹೊದಿಕೆಯ ಚಿತ್ರದಲ್ಲಿ ಹ್ಯಾಟು ಹಾಕಿದ ಕಪ್ಪು ಮನುಷ್ಯನೊಬ್ಬ ಕಟ್ಟಿಗೆಯ ಕುರ್ಚಿಯ ಮೇಲೆ ಗಿಟಾರ್ ಹಿಡಿದು ಕೂತಿದ್ದಾನೆ. ಪೂರಾ ಪೆಟ್ಟಿಗೆ ಅಂಥವೇ. ಅಮೆರಿಕದ ಕರಿಯರು ನಲವತ್ತು ಐವತ್ತು ವರ್ಷ ಹಿಂದೆ ಹಾಡಿದ ಬ್ಲೂಸನ್ನು ಹಳೆಯ ತಟ್ಟೆಗಳಿಂದ ಎತ್ತಿ ಹೊಸದಾಗಿ ಅಚ್ಚು ಹಾಕಿದ ಲಾಂಗ್‌ಪ್ಲೇಗಳು. ಕೆಳಗೆ ಒಂದಿಷ್ಟು ಮೊದಮೊದಲ ರಾಕ್ ಅಂಡ್ ರೋಲ್.

ಮುಂಬೈಯ ವ್ಯಾಪಾರಿ ವಾಪಸು ತೆಗೆದುಕೊಳ್ಳಲಿಲ್ಲ. ಆರ್ಡರಿನ ಕಾಗದ ನನ್ನ ಕೈಬರಹದಲ್ಲೇ ಇತ್ತಲ್ಲ. ಅಪ್ಪಾಸಾಹೇಬರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಹೇಳಿದರು:

"ಗುರುಸಿದ್ದಾ, ಇವನ್ನ ನೀ ತರ್ಸೀದಿ, ನೀನ ಮಾರಬೇಕು. ಮಾರೂಕಿಂತ ಮೊದಲ ಒಂದೊಂದು ಮೂರ ಸಲ ಕೇಳು. ನಿನಗ ತಿಳೀಲಾರದ್ದನ್ನ ಮಂದಿಗೆ ಹ್ಯಾಂಗ ಮಾರತಿ?"

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಕೇಳತೊಡಗಿದೆ. ಹೊದಿಕೆಯ ಹಿಂದಿನ ಇಂಗ್ಲಿಷ್ ಬರಹವನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಮೊದಲ ಸಲ ಬರೀ ಗೊಗ್ಗರ ದನಿ, ಹಿಂದೆ ಎಣ್ಣೆಯಲ್ಲಿ ಹುರಿದಂತೆ ಸರಸರ ಸದ್ದು. ಎರಡನೆಯ ಸಲ, ಅವನು ಒಂದು ಸಾಲು ಹೇಳಿ ಅದನ್ನೇ ಮತ್ತೆ ಹೇಳುತ್ತಾನೆ, ಮೂರನೆಯ ಸಾಲಿನಲ್ಲಿ ಬೇರೆ ಮಾತು ಎಂಬುದು ತಿಳಿಯಿತು. ಮೂರನೆಯ ಸಲಕ್ಕೆ ಒಂದು ರಿಕಾರ್ಡು ಮಾತ್ರ ಹಿಡಿಸಿತು. ಉಳಿದವು ಹಿಡಿಸಲು ವರ್ಷಗಳೇ ಬೇಕಾದವು.

ತಿಂಗಳಿಗೆರಡು ಸಲ ಚೀಲದಲ್ಲಿ ರಿಕಾರ್ಡು ತುಂಬಿಕೊಂಡು ಸರಕಾರಿ ಎಸ್.ಟಿ. ಬಸ್ಸಿನಲ್ಲಿ ಗಡಹಿಂಗ್ಲಜ, ಇಚಲಕರಂಜಿ, ಜಯಸಿಂಗಪುರ ಸುತ್ತುವುದು ನನ್ನ ಕೆಲಸವಾಗಿತ್ತು. ಆ ಪಾರ್ಸೆಲ್ಲಿನಿಂದ ಮೊದಲು ಮಾರಿದ್ದು ಗಡಹಿಂಗ್ಲಜದ ಬ್ಯಾಂಡ್ ಕಂಪನಿಯ ದಸ್ತಗೀರ ಮಾಸ್ತರರಿಗೆ. ಮದುವೆ ಮೆರವಣಿಗೆಯಲ್ಲಿ ಎಲ್ಲರಿಗಿಂತ ಬೇರೆ ಏನಾದರೂ ಬಾರಿಸಬೇಕೆಂಬ ಹಟ ಅವರಿಗೆ. ರಾಕ್ ಅಂಡ್ ರೋಲ್ ರಿಕಾರ್ಡೊಂದನ್ನು ಅಂಗಡಿಗೆ ಬಂದಾಗ ಕೇಳಿ, "ಮುಂದಿನ ಸಲ ತಂದ ಕೊಡ್ರಿ" ಎಂದಿದ್ದರು. ಅದನ್ನು ಒಯ್ದ ದಿನ ಬಸ್ಸು ತುಂಬಿತ್ತು. ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಚೀಲ ಇಟ್ಟು ನಿಂತೇ ಹೋದೆ. ಇಳಿದು, ರಿಕಾರ್ಡು ಕೊಟ್ಟು, ಚಹಾ ಕುಡಿದು ಬಂದೆ. ಹಚ್ಚಿ ನೋಡಲಿಲ್ಲ.

ಎರಡು ತಿಂಗಳ ಮೇಲೆ ಸಂಬಂಧಿಕರ ಮದುವೆಗೆ ಗಡಹಿಂಗ್ಲಜಕ್ಕೆ ಹೋಗಿದ್ದೆ. ಮಾಸ್ತರರದೇ ಬ್ಯಾಂಡು. ಆ ಹಾಡು ಶುರುವಾಯಿತು. ಎರಡು ಗುಕ್ಕು ನೆಟ್ಟಗೆ ಬಂದ ದನಿ ಜೋಲಿ ಹೊಡೆದಂತೆ ಕೆಳಗಿಳಿಯುತ್ತದೆ, ಮತ್ತೆ ಮೇಲೇರುತ್ತದೆ. ಕ್ಲಾರಿನೆಟ್ಟು, ತುತ್ತೂರಿ ಎಲ್ಲ ಒಟ್ಟಿಗೇ ತೇಲಿ ಮುಳುಗುತ್ತಿವೆ. ಹುಡುಗರು ಅದಕ್ಕೆ ತಕ್ಕಂತೆ ಬಾಗಿ ಎದ್ದು ಕುಣಿಯುತ್ತಿದ್ದಾರೆ. ಊಟದ ಹೊತ್ತಿಗೆ ಮಾಸ್ತರರನ್ನು ಹಿಡಿದೆ.

"ಮಾಸ್ತರ, ಹಿಂಗ್ಯಾಕ ತೇಲಸ್ತೀರಿ?"

"ರಿಕಾರ್ಡನ್ಯಾಗ ಹಂಗ ಐತಲ್ರಿ! ಹದಿನೈದ ದಿನಾ ಹಿಡೀತು ನಮಗ ಕಲ್ಯಾಕ. ಭಾಳ ಕಠಿಣ ಚೀಜ್ ಐತಿ."

ಎಂಜಿನ್ನಿನ ಬಿಸಿಗೆ ರಿಕಾರ್ಡು ಹಪ್ಪಳದಂತೆ ಅಲೆಯಾಗಿತ್ತು. ಸೂಜಿ ಆ ಅಲೆಯ ಮೇಲೆ ಏರಿಳಿದಂತೆ ದನಿಯೂ ಏರಿಳಿದಿದೆ, ಅವರು ಅದನ್ನೇ ಪಾಠ ಮಾಡಿಕೊಂಡಿದ್ದಾರೆ. ನಾಚಿಕೆಯಿಂದ ಮುಂದಿನ ವಾರವೇ ಚಲೋ ರಿಕಾರ್ಡೊಂದನ್ನು ಒಯ್ದು ಹಚ್ಚಿದೆ. ಮಾಸ್ತರರು ಪೂರ್ತಿ ಕೇಳಿ, "ಇದ ಸಪ್ಪಗ ಐತ್ರಿ. ನಮಗ ಮೊದಲಿನದ ಇರಲಿ" ಎಂದು ಕೈಮುಗಿದರು. ಅಪ್ಪಾಸಾಹೇಬರಿಗೆ ಹೇಳಿದೆ. ಅವರು ನಗಲಿಲ್ಲ. ಒಂದು ದಪ್ಪ ಗಾಜಿನ ಹಲಗೆ ತರಿಸಿದರು. ಅಂದಿನಿಂದ ಮಾರುವ ಮುಂಚೆ ಪ್ರತಿ ರಿಕಾರ್ಡನ್ನೂ ಅದರ ಮೇಲೆ ಮಲಗಿಸಿ, ಅಲೆ ಇದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಕೊಡಬೇಕು. ಮಗಳೇ, ನೀನೂ ಒಂದು ಗಾಜು ತರಿಸಿಕೋ.

ಮೊದಲು ಹೇಳಿದ ಆ ಗಿರಾಕಿ, ಬೀರಪ್ಪಣ್ಣ, ಸಿಕ್ಕಿದ್ದು ಇಚಲಕರಂಜಿಯ ಶಹಾಪುರದಲ್ಲಿ. ಅಲ್ಲಿ ಪವರ್‌ಲೂಮ್ ಶೆಡ್ಡುಗಳ ನಡುವೆ ಒಂದು ಚಹಾದ ಹೋಟೆಲಿತ್ತು. ಹೋಟೆಲಿನವರು ಸಿನಿಮಾ ಹಾಡಿನ ರಿಕಾರ್ಡು ಕೊಳ್ಳುತ್ತಿದ್ದರು. ಅವರ ಪ್ಲೇಯರಿನ ಮೇಲೆ ಹೊಸವನ್ನು ಹಚ್ಚಿ ತೋರಿಸುವಾಗ, ನಡುವೆ ನನ್ನ ಬ್ಲೂಸ್ ಒಂದನ್ನೂ ಸೇರಿಸಿದೆ. ಹೋಟೆಲಿನವರು ಮುಖ ಹಿಂಡಿ, "ಇದೇನ್ರಿ, ಯಾರೋ ಹೊಟ್ಟಿಬ್ಯಾನಿ ಆದವ್ರ ಒದರಿದಂಗ ಐತಿ, ತಗೀರಿ" ಎಂದರು.

"ತಗೀಬ್ಯಾಡ್ರಿ!" ಎಂದು ಮೂಲೆಯ ಬೆಂಚಿನಿಂದ ಒಬ್ಬರು ಎದ್ದು ಬಂದರು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಹಿರಿಯರು. ಅಂಗಿಯ ಮೇಲೆಲ್ಲ ಎಣ್ಣೆಯ ಕಲೆ, ತಲೆಗೂದಲಿಗೆ ಹತ್ತಿಯ ನವಿರು ಅಂಟಿತ್ತು. ಪ್ಲೇಯರಿನ ಮುಂದೆ ಬಗ್ಗಿ ಹಾಡು ಮುಗಿಯುವತನಕ ಅಲುಗಾಡಲಿಲ್ಲ. ಮುಗಿದ ಮೇಲೆ ಕೇಳಿದರು:

"ಇಂವ ಒಬ್ಬನ ಅದಾನಲ್ರಿ? ಬಾರಸಾಂವನೂ ಅವನ?"

"ಹೌದ್ರಿ, ಅವನ."

"ತಾ ಒಂದ ಮಾತ ಕೇಳತಾನ, ತಂತಿ ಅದಕ್ಕ ಉತ್ತರಾ ಕೊಡತೈತಿ. ನಮ್ಮಪ್ಪನೂ ಹಿಂಗ ಹಾಡತಿದ್ದಾರಿ. ಏಕತಾರಿ ಹಿಡಕೊಂಡು, ಕುರಿ ಹಿಂದ ಹೊಂಟಾಗ. ಮಾತ ಅರ್ಧಾ ಬಿಟ್ಟು, ಉಳದದ್ದ ತಂತಿ ಕಡಿಂದ ಹೇಳಸ್ತಿದ್ದಾ. ಇನ್ನೊಮ್ಮಿ ಹಚ್ರಿ."

ಬೀರಪ್ಪಣ್ಣ ಗಡಿಯ ಹಳ್ಳಿಯೊಂದರ ಕುರುಬರ ಮನೆಯವರು. ಅಪ್ಪ ತೀರಿಕೊಂಡ ಮೇಲೆ ಕುರಿಗಳನ್ನು ಅಣ್ಣನಿಗೆ ಬಿಟ್ಟು ಇಚಲಕರಂಜಿಗೆ ಬಂದು, ಮಗ್ಗ ನಡೆಸುವವರಾಗಿ ಸೇರಿ, ಜಾಬರ್ ಆಗಿದ್ದರು. ಮಗ್ಗ ಕೆಟ್ಟರೆ ಸರಿಮಾಡುವವರಿಗೆ ಅಲ್ಲಿ ಜಾಬರ್ ಎನ್ನುತ್ತಾರೆ. ಐವತ್ತು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನ ಬಾಗಿಲಲ್ಲಿ ನಿಂತು, ಯಾವ ಮಗ್ಗದ ಯಾವ ಪಟ್ಟಿ ಸಡಿಲವಾಗಿದೆ ಎಂದು ಸದ್ದಿನಿಂದಲೇ ಹೇಳುವ ಜಾಬರ್ ಎಂದು ಶಹಾಪುರದಲ್ಲಿ ಅವರ ಹೆಸರಿತ್ತು. ಅವತ್ತು ಆ ರಿಕಾರ್ಡು ಕೊಂಡರು. ಮನೆಯಲ್ಲಿ ಪ್ಲೇಯರೇ ಇರಲಿಲ್ಲ! ಜಯಸಿಂಗಪುರದ ಸಂತೆಯಲ್ಲಿ ಕೆಟ್ಟ ಪ್ಲೇಯರೊಂದನ್ನು ಹುಡುಕಿ ತಂದು, ಮಗ್ಗದ ಬಿಡಿಭಾಗ ಹಾಕಿ, ಮುಂದಿನ ಸಲ ನಾನು ಹೋಗುವುದರೊಳಗೆ ನಡೆಯುವಂತೆ ಮಾಡಿದ್ದರು.

ಆಮೇಲಿನ ಏಳೆಂಟು ವರ್ಷ ನನ್ನ ಪಾರ್ಸೆಲ್ಲಿನ ಬ್ಲೂಸ್‌ಗೆಲ್ಲ ಅವರೇ ಗಿರಾಕಿ. ಆ ಪಾರ್ಸೆಲ್ಲು ಮುಗಿದ ಮೇಲೆ ನಾನು ಬೇಕೆಂದೇ ತರಿಸತೊಡಗಿದೆ. ಮುಂಬೈಗೆ ಹೋದಾಗ, ಹಡಗಿನವರು ತಂದು ಮಾರಿದ ರಿಕಾರ್ಡುಗಳನ್ನು ಫುಟ್‌ಪಾತಿನ ಮೇಲೆ ಕೂತು ಹುಡುಕುತ್ತಿದ್ದೆ. ಬೀರಪ್ಪಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೊದಿಕೆಯ ಮೇಲಿನದನ್ನು ನಾನು ಕನ್ನಡದಲ್ಲಿ ಹೇಳಬೇಕು. ಹಾಡುಗಾರ ಯಾವ ಊರಿನವನು, ಹೊಲದಲ್ಲಿ ದುಡಿದವನೋ ರೈಲ್ವೆಯಲ್ಲೋ, ಕಣ್ಣಿದ್ದವೋ ಇಲ್ಲವೋ. "ಇಂವಗ ಮಕ್ಕಳದಾರೇನ್ರಿ?" ಎಂದು ಕೇಳುವರು. ಅದನ್ನು ಮಾತ್ರ ಯಾವ ಹೊದಿಕೆಯೂ ಬರೆದಿರುತ್ತಿರಲಿಲ್ಲ.

ಮರುಮುದ್ರಣಗಳನ್ನು ಹೇಗೆ ನೋಡಬೇಕು ಎಂಬುದನ್ನು ನಾನು ಕಲಿತದ್ದು ಅರ್ಧ ಅಪ್ಪಾಸಾಹೇಬರಿಂದ, ಅರ್ಧ ಬೀರಪ್ಪಣ್ಣನಿಂದ. ಹಳೆಯದನ್ನು ಒಂದೇ ಬಾಯಿಯ, ಅಂದರೆ ಮೋನೋ, ಯಂತ್ರದಲ್ಲಿ ಹಿಡಿದಿರುತ್ತಾರೆ. ಅದನ್ನು ಎರಡಾಗಿ ಸೀಳಿ, ಪ್ರತಿಧ್ವನಿ ಬೆರೆಸಿ ಸ್ಟೀರಿಯೋ ಎಂದು ಮಾರುವ ಕಾಲವಿತ್ತು. ಅಂಥವನ್ನು ಕೇಳಿದಾಗ ಬೀರಪ್ಪಣ್ಣ "ಮನುಷ್ಯಾನ್ನ ಬಾವ್ಯಾಗ ಕುಂದ್ರಿಸಿದಂಗ ಐತ್ರಿ" ಎನ್ನುತ್ತಿದ್ದರು. ಆಮೇಲೆ ನಾನು ಮೋನೋ ಎಂದು ಬರೆದಿದ್ದನ್ನೇ ಆರಿಸತೊಡಗಿದೆ. ಇನ್ನೊಂದು ಸಲ ಹೊಸ ರಿಕಾರ್ಡು ಹಚ್ಚಿದ ಕೂಡಲೇ, "ಇಂವ ಓಡಾಕತ್ತಾನ. ಇಂವನ ನಡಿಗಿ ಇದಲ್ಲ" ಎಂದು, ತಿರುಗುವ ತಟ್ಟೆಯ ಅಂಚಿಗೆ ಬೆರಳು ತಾಗಿಸಿ ವೇಗ ತುಸು ತಗ್ಗಿಸಿದರು. ಹಾಡುಗಾರನ ದನಿ ಒಮ್ಮೆಲೇ ತುಂಬಿಕೊಂಡಿತು. ಎರಡು ವರ್ಷದ ಮೇಲೆ ಅದೇ ಹಾಡುಗಳು ಬೇರೆ ಸಂಪುಟದಲ್ಲಿ ಬಂದವು. ಹಿಂದಿನದರಲ್ಲಿ ವೇಗ ತಪ್ಪಿತ್ತು, ಈಗ ತಿದ್ದಿದ್ದೇವೆ ಎಂದು ಹೊದಿಕೆಯ ಮೇಲೆ ಅಚ್ಚಾಗಿತ್ತು. ಅದನ್ನು ಓದಿ ಹೇಳಿದಾಗ ಅವರು ನಾಚಿಕೊಂಡು, "ಲಕ್ಷ್ಮವ್ವಾ, ಮಾಸ್ತರಗ ಚಹಾ ತಾ" ಎಂದರು. ನನ್ನನ್ನು ರಿಕಾರ್ಡ್ ಮಾಸ್ತರ ಎಂದೇ ಕರೆಯುತ್ತಿದ್ದರು. ಲಕ್ಷ್ಮವ್ವ ಅವರ ಹೆಂಡತಿ.

ಇಷ್ಟು ಯಾಕೆ ಹೇಳಿದೆನೆಂದರೆ, ಅವರ ಕಿವಿಯನ್ನು ನಾನು ನನ್ನ ಕಿವಿಗಿಂತ ಹೆಚ್ಚು ನಂಬಿದ್ದೆ.

ಎಂಬತ್ತರ ದಶಕ ಶುರುವಾದ ಹೊತ್ತಿನಲ್ಲಿ ಒಂದು ಹೊಸ ಬ್ಲೂಸ್ ರಿಕಾರ್ಡು ಕೊಟ್ಟು ಬಂದಿದ್ದೆ. ಒಂದು ವಾರಕ್ಕೆ ಬೀರಪ್ಪಣ್ಣ ತಾವೇ ಕೊಲ್ಲಾಪುರಕ್ಕೆ ಬಂದು ಅದನ್ನು ಕೌಂಟರಿನ ಮೇಲಿಟ್ಟರು.

"ಮಾಸ್ತರ, ಇದ್ರಾಗ ತಂತಿ ಕೇಳಸಂಗಿಲ್ರಿ. ಬರೇ ದನಿ ಐತಿ."

ನಾನು ಬದಲಿಸಿ ಕೊಟ್ಟೆ. ಅದೂ ವಾಪಸು ಬಂತು. ಬೇರೆ ಗಾಯಕನದನ್ನು ಕೊಟ್ಟೆ, ಅದೂ ಬಂತು. ಆ ದಿನಗಳಲ್ಲಿ ಹಳೆಯ ತಟ್ಟೆಯ ಸರಸರ ಸದ್ದನ್ನು ಯಂತ್ರದಿಂದ ತೆಗೆದು ಅಚ್ಚು ಹಾಕುವ ಪದ್ಧತಿ ಬಂದಿತ್ತು. ಸದ್ದಿನೊಡನೆ ಸಣ್ಣ ತಂತಿಯ ದನಿಯನ್ನೂ ಒರೆಸಿಬಿಡುವುದುಂಟು ಎಂದು ನಾನೆಲ್ಲೋ ಓದಿದ್ದೆ. ಇದು ಅದೇ ಎಂದು ತೀರ್ಮಾನಿಸಿಬಿಟ್ಟೆ. ಮೂರನ್ನೂ ಪ್ಯಾಕ್ ಮಾಡಿ, ನಿಮ್ಮ ಮಾಲು ಕೆಟ್ಟಿದೆ ಎಂದು ಮುಂಬೈಗೆ ಖಾರವಾದ ಕಾಗದ ಬರೆದೆ. ಪೂರ್ತಿ ಹಚ್ಚಿ ಕೇಳಲಿಲ್ಲ. ಬೀರಪ್ಪಣ್ಣ ಹೇಳಿದ ಮೇಲೆ ನಾನೇನು ಕೇಳುವುದು?

ಕಂಪನಿಯ ಪ್ರತಿನಿಧಿ ಆ ಮೂರೂ ರಿಕಾರ್ಡುಗಳನ್ನು ಹಿಡಿದುಕೊಂಡು ಅಂಗಡಿಗೇ ಬಂದರು. ಸೂಟು, ಟೈ, ಮುಖದ ಮೇಲೆ ಬೆವರು. ಅಪ್ಪಾಸಾಹೇಬರ ಎದುರಿಗೆ ಮೂರನ್ನೂ ಹಚ್ಚಿದರು. ತಂತಿ ಸ್ಪಷ್ಟವಾಗಿತ್ತು. ಒಂದರಲ್ಲಂತೂ ಗಾಯಕನ ಉಗುರು ತಂತಿಗೆ ತಾಗುವುದೂ ಕೇಳುತ್ತಿತ್ತು. ಪ್ರತಿನಿಧಿ ಮರಾಠಿಯಲ್ಲಿ ಏನೋ ಕೊಂಕು ಮಾತಾಡಿದರು. ಅಪ್ಪಾಸಾಹೇಬರು ಅವರಲ್ಲಿ ಕ್ಷಮೆ ಕೇಳಿ, ಚಹಾ ಕುಡಿಸಿ ಕಳಿಸಿದರು. ನನಗೆ ಇವತ್ತು ಬೈಗುಳ ಗಟ್ಟಿ ಎಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಮೆಲ್ಲಗೆ ಕೇಳಿದರು:

"ಬೀರಪ್ಪ ಎಷ್ಟ ವರ್ಷದಿಂದ ಮಗ್ಗದಾಗ ಅದಾನ?"

"ಹದಿನೆಂಟ ಇಪ್ಪತ್ತ ವರ್ಷ ಆಗಿರಬೇಕ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ರಿಕಾರ್ಡ್ ಚಲೋ ಅದಾವ, ಗುರುಸಿದ್ದಾ" ಎಂದರು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

"ನೀ ಹೋಗಿ ಹೇಳಬೇಕು," ಎಂದರು ಅಪ್ಪಾಸಾಹೇಬರು. "ಕಾಗದಾ ಬರೀಬ್ಯಾಡ. ಹೋಗು."

ಇಚಲಕರಂಜಿಯ ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಶೆಡ್ಡಿಗೆ ಹೋದರೆ ಮಗ್ಗಗಳ ಸದ್ದಿಗೆ ಅಲ್ಲಿ ಮಾತೇ ಇಲ್ಲ. ಎಲ್ಲರೂ ಕೈಸನ್ನೆಯಲ್ಲಿ, ತುಟಿ ಆಡಿಸುವುದರಲ್ಲಿ ಕೆಲಸ ನಡೆಸುತ್ತಿದ್ದರು. ಎಷ್ಟೋ ಸಲ ನೋಡಿದ್ದೆ, ಅದನ್ನು ಯೋಚಿಸಿರಲಿಲ್ಲ. ಪಾಳಿ ಮುಗಿಸಿ ಬೀರಪ್ಪಣ್ಣ ನನ್ನನ್ನು ಮನೆಗೆ ಕರೆದುಕೊಂಡು ಹೋದರು. ನಾನು ಹೊಸ ರಿಕಾರ್ಡು ತೆಗೆಯದೆ, ಅವರದೇ ಹಳೆಯದೊಂದನ್ನು ಹಚ್ಚಿ ಕೇಳಿದೆ, "ಇದ್ರಾಗ ತಂತಿ ಕೇಳತೈತೇನ್ರಿ?"

"ಯಾಕ ಕೇಳಸೂದಿಲ್ಲ? ಲಖ್ಖ ಕೇಳತೈತಿ. ಅದಕ್ಕ ಹೇಳತೇನಿ, ಹಳೇವು ಚಲೋ, ಹೊಸವು ಕೆಟ್ಟಾವ."

ನೂರಾರು ಸಲ ಕೇಳಿ ಬಾಯಿಪಾಠವಾದದ್ದು. ಕಿವಿಗೆ ಬರದಿದ್ದರೂ ಮನಸ್ಸು ತುಂಬಿಸಿಕೊಡುತ್ತಿತ್ತು. ಹೊಸದಕ್ಕೆ ಮಾತ್ರ ತುಂಬಿಸಲು ಏನೂ ಇರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಲಕ್ಷ್ಮವ್ವ ಬಂದು ಬಾಗಿಲಲ್ಲಿ ನಿಂತರು.

"ನಾ ಹೇಳತೇನಿ ಅಣ್ಣಾ. ಹಾಲಿನಂವ ಸೈಕಲ್ ಗಂಟಿ ಬಾರ್ಸಿದ್ರ ಇವರಿಗೆ ಕೇಳಸಂಗಿಲ್ಲ. ಗುಬ್ಬಿ ಒದರಿದ್ರ ಕೇಳಸಂಗಿಲ್ಲ. ಒಂದ ವರ್ಷಾತು. ಹೇಳಿದ್ರ ನನಗ ಸಿಟ್ಟ ಆಗತಾರ."

"ನಿನಗೇನ ತಿಳೀತೈತಿ, ಸುಮ್ಮನ ಇರು!" ಎಂದು ಬೀರಪ್ಪಣ್ಣ ಗುಡುಗಿದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಬೀರಪ್ಪಣ್ಣಾ," ಎಂದೆ, "ನೀವು ವಾಪಸ ಕೊಟ್ಟ ಮೂರೂ ರಿಕಾರ್ಡ ನಮ್ಮ ಅಂಗಡ್ಯಾಗ ಎಲ್ಲಾರೂ ಕೂತ ಕೇಳಿದಿವ್ರಿ. ಮೂರೂ ಚಲೋ ಅದಾವ."

ಅವರು ಪ್ಲೇಯರ್ ನಿಲ್ಲಿಸಿದರು. ರಿಕಾರ್ಡನ್ನು ಎರಡೂ ಅಂಗೈಗಳ ನಡುವೆ ಅಂಚು ಹಿಡಿದು ಎತ್ತಿ, ಕಾಗದದ ಚೀಲಕ್ಕೆ ಸೇರಿಸಿ, ಹೊದಿಕೆಯೊಳಗಿಟ್ಟರು. ಆಮೇಲೆ ಕೇಳಿದರು:

"ಹಂಗಾರ ಮುಂಬೈದವ್ರ ಮುಂದ ನಿಮ್ಮ ಅಂಗಡಿ ಹೆಸರ ನಾ ಕೆಡಿಸಿದಂಗಾತಲ್ರಿ?"

ಅಂಗಡಿಯ ಹೆಸರು ಹಾಳಾಗಲಿ ಎಂದು ನನಗೆ ಕೂಗಬೇಕೆನಿಸಿತು.

ಮಿರಜದ ಕಿವಿ ಡಾಕ್ಟರರ ಬಳಿ ನಾನೇ ಕರೆದೊಯ್ದೆ. ಪರೀಕ್ಷೆ ಮಾಡಿ ಅವರು ಹೇಳಿದ್ದು ಇಷ್ಟು. ಸಣ್ಣ, ಚೂಪು ದನಿಗಳನ್ನು ಹಿಡಿಯುವ ಶಕ್ತಿ ಹೋಗಿದೆ, ಅದು ಮರಳುವುದಿಲ್ಲ. ದಪ್ಪ ದನಿಗಳು ಇನ್ನೂ ಚೆನ್ನಾಗಿ ಕೇಳುತ್ತಿವೆ. ಮಗ್ಗದ ಕೆಲಸ ಬಿಟ್ಟರೆ ಅವು ಉಳಿದಾವು, ಬಿಡದಿದ್ದರೆ ಅವೂ ಹೋಗುತ್ತವೆ. ಬರುವಾಗ ಜಯಸಿಂಗಪುರದವರೆಗೂ ರೈಲಿನಲ್ಲಿ ಬಂದೆವು. ಅಲ್ಲಿ ಇಳಿಯುವಾಗ ಬೀರಪ್ಪಣ್ಣ ಹೇಳಿದರು: "ಜಾಬರ್ ಅನ್ನೂದ ಬಿಟ್ರ ಶಹಾಪುರದಾಗ ನಾ ಯಾರ್ರಿ, ಮಾಸ್ತರ?"

ಅವರು ಮಗ್ಗ ಬಿಡಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ದುಡಿಯುತ್ತಿದ್ದಾರೆಂದು ತಿಳಿಯಿತು. ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಇಚಲಕರಂಜಿಗೆ ಹೋದಾಗ ನಾನೂ ಶಹಾಪುರದ ಕಡೆ ತಿರುಗಲಿಲ್ಲ. ಕೈಯಲ್ಲಿ ರಿಕಾರ್ಡು ಹಿಡಿದು ಅವರ ಬಾಗಿಲಲ್ಲಿ ನಿಲ್ಲಲು ಧೈರ್ಯವಿರಲಿಲ್ಲ. ಏಳೆಂಟು ತಿಂಗಳು ಹೀಗೇ ಹೋಯಿತು. ನನ್ನ ಕೆಲಸದ ಬದುಕಿನಲ್ಲಿ ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿಲ್ಲ. ನಂಬರ್ ತಪ್ಪು ಬರೆದದ್ದು, ಎಂಜಿನ್ ಮೇಲೆ ಚೀಲ ಇಟ್ಟದ್ದು ಇದರ ಮುಂದೆ ಏನೂ ಅಲ್ಲ.

ಆ ವರ್ಷ ಮುಂಬೈಯಿಂದ ಒಂದು ಹೊಸ ಬಗೆಯ ಮರುಮುದ್ರಣ ಬಂತು. ವೆಸ್ಟ್ ಇಂಡೀಸ್‌ನ ಜಮೈಕಾದ ಹಾಡುಗಳು. ನಮಗೆ ಆ ಹೆಸರು ಗೊತ್ತಿದ್ದದ್ದು ಕ್ರಿಕೆಟ್ಟಿನಿಂದ. ಈ ಸಂಗೀತಕ್ಕೆ ರೆಗ್ಗೇ ಎನ್ನುತ್ತಾರೆಂದು ಹೊದಿಕೆ ಹೇಳಿತು. ಹಚ್ಚಿದೆ. ಗಿಟಾರು ಒಂದು ಚಿಟಿಕೆ ಹೊಡೆದು ಸುಮ್ಮನಾಗುತ್ತದೆ. ಹಾಡನ್ನು ಹೊತ್ತು ನಡೆಸುವುದು ಕೆಳಗಿನ ದಪ್ಪ ತಂತಿ. ಅದು ಎರಡು ಹೆಜ್ಜೆ ಇಟ್ಟು, ನಿಂತು, ಉಸಿರು ತೆಗೆದುಕೊಂಡು ಮತ್ತೆ ಹೊರಡುತ್ತದೆ. ಕೌಂಟರಿನ ಗಾಜು ನಡುಗಿತು. ಅಪ್ಪಾಸಾಹೇಬರು ಗಲ್ಲೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಕೂತೀ ಯಾಕ?" ಎಂದರು. "ಇಚಲಕರಂಜಿ ಬಸ್ ಈಗ ಐತಲ್ಲ?"

ಬೀರಪ್ಪಣ್ಣನ ಪ್ಲೇಯರಿನ ಮೇಲೆ ಬಟ್ಟೆ ಮುಚ್ಚಿತ್ತು. "ಯಾಕ ತಂದ್ರಿ ಮಾಸ್ತರ, ಸುಮ್ಮನ ಹೊಟ್ಟಿ ಉರಸಾಕ" ಎಂದರು. ನಾನು ಬಟ್ಟೆ ಸರಿಸಿ ಹಚ್ಚಿದೆ. ಮೊದಲ ಸುತ್ತು ಗೋಡೆ ನೋಡುತ್ತ ಕೂತಿದ್ದರು. ಆಮೇಲೆ ಕುತ್ತಿಗೆ ಒಂದಿಷ್ಟು ಮುಂದೆ ಬಂತು. ಎದ್ದು ಬಂದು ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.

"ಇದು ಕೇಳತೈತ್ರಿ."

"ಹೌದ್ರಿ?"

"ಪೂರಾ ಕೇಳತೈತಿ! ಇದ ನಾ ಎಂದೂ ಕೇಳಿಲ್ಲ, ಆದ್ರೂ ಕೇಳತೈತಿ! ಲಕ್ಷ್ಮವ್ವಾ, ಏ, ಬಾ ಇಲ್ಲೆ! ಇದರ ನಡಿಗಿ ನೋಡು. ತುಂಬಿದ ಹಿಂಡಿನ ಮುಂದ ಟಗರು ಹೊಂಟಂಗ ಐತಿ. ಅವಸರಾ ಇಲ್ಲ."

ಲಕ್ಷ್ಮವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಗಂಡನ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋದರು. ಅವತ್ತು ಆ ರಿಕಾರ್ಡನ್ನು ಎರಡೂ ಬದಿ ನಾಲ್ಕು ಸಲ ಕೇಳಿದೆವು. ರೊಟ್ಟಿ ತಿನ್ನುತ್ತ ಕೇಳಿದೆವು.

ಮುಂದಿನ ತಿಂಗಳು ಅವರು ಜಾಬರ್ ಕೆಲಸ ಬಿಟ್ಟರು. ಶಹಾಪುರದಲ್ಲೇ ಒಂದು ನೂಲಿನ ಗೋದಾಮಿನಲ್ಲಿ ಮೂಟೆಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದರು. ಮೊದಲಿನ ಮರ್ಯಾದೆ ಇಲ್ಲ, "ಜಾಬರಸಾಹೇಬ್ರ" ಎಂದು ಕರೆಯುವವರಿಲ್ಲ. ಯಾಕೆ ಬಿಟ್ಟಿರಿ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು: "ಇದನ್ನೂ ಕಳಕೊಂಡ್ರ ಹ್ಯಾಂಗ್ರಿ?"

ಆಮೇಲಿನ ವರ್ಷಗಳಲ್ಲಿ ನನ್ನ ಹುಡುಕಾಟವೇ ಬದಲಾಯಿತು. ಮುಂಬೈಯ ಫುಟ್‌ಪಾತಿನಲ್ಲಿ ರಿಕಾರ್ಡು ಕೈಗೆ ಬಂದರೆ ದಪ್ಪ ತಂತಿ ಹೇಗಿದೆ ಎಂದು ಮೊದಲು ನೋಡುವೆ. ಬೀರಪ್ಪಣ್ಣನ ಮನೆಯ ಗೂಡಿನಲ್ಲಿ ಜಮೈಕಾದ ಹಳೆಯ ಹಾಡುಗಳ ಮರುಮುದ್ರಣಗಳು ಒಂದೊಂದಾಗಿ ಸಾಲುಗೂಡಿದವು. ಬಹುಶಃ ಇಡೀ ಜಿಲ್ಲೆಯಲ್ಲಿ ಅವರೊಬ್ಬರ ಬಳಿಯೇ ಅಷ್ಟು ಇದ್ದವೇನೋ. ಬ್ಲೂಸ್ ರಿಕಾರ್ಡುಗಳು ಕೆಳಗಿನ ಗೂಡಿಗೆ ಹೋದವು.

ಆ ಹೊತ್ತಿಗೆ ನಮ್ಮ ಕೆಲಸವೂ ಮುಗಿಯುತ್ತ ಬಂದಿತ್ತು. ಕ್ಯಾಸೆಟ್ಟುಗಳು ಬಂದವು. ಗಾಜಿನ ಹಲಗೆಯ ಮೇಲೆ ಕ್ಯಾಸೆಟ್ಟುಗಳ ಗುಡ್ಡೆ ಬಿತ್ತು. ಜನ ಹಾಡು ಕೇಳಿ ಕೊಳ್ಳುವುದನ್ನು ಬಿಟ್ಟು, ಮುಖಪುಟ ನೋಡಿ ಕೊಳ್ಳತೊಡಗಿದರು. ಅಪ್ಪಾಸಾಹೇಬರಿಗೆ ವಯಸ್ಸಾಗಿತ್ತು. ಅಂಗಡಿಯ ಒಳಗಿನ ಗೋಡೆ ಒಡೆದು ಟಿ.ವಿ. ಇಡಲು ಅವರ ಮಗ ತಯಾರಿ ನಡೆಸಿದ್ದರು. ಉಳಿದ ಲಾಂಗ್‌ಪ್ಲೇಗಳನ್ನು ನೋಡಿ, "ಬೀರಪ್ಪಗ ಬೇಕಾದವನ್ನ ಒಯ್ದ ಕೊಡು, ಉಳದವನ್ನ ಆಮ್ಯಾಲ ನೋಡೂಣು" ಎಂದರು ಅಪ್ಪಾಸಾಹೇಬರು. ಅದು ಆ ಅಂಗಡಿಯಿಂದ ನಾನು ಮಾಡಿದ ಕೊನೆಯ ಸುತ್ತು.

ಮಧ್ಯಾಹ್ನ ಶಹಾಪುರ ತಲುಪಿದೆ. ತಂದವನ್ನೆಲ್ಲ ಕೇಳಿದೆವು. ಎದ್ದು ಹೊರಡಬೇಕೆನ್ನುವಾಗ ಬೀರಪ್ಪಣ್ಣ ಕೆಳಗಿನ ಗೂಡಿಗೆ ಕೈಹಾಕಿ ಒಂದು ಬ್ಲೂಸ್ ರಿಕಾರ್ಡು ತೆಗೆದರು.

"ಮಾಸ್ತರ, ಒಂದ ಕೆಲಸಾ ಮಾಡ್ರಿ. ಇದನ್ನ ಹಚ್ಚಿ, ತಂತಿ ಎಲ್ಲೆಲ್ಲಿ ಏನ ಮಾಡತೈತಿ ಹೇಳ್ರಿ ನನಗ. ಗೆರಿ ಗಿರಿ ಬಿದ್ದಾವೇನ ನೋಡೂಣು."

ನಾನು ಸೂಜಿ ಇಳಿಸಿದೆ. ಅವರು ನನ್ನ ತುಟಿಗಳನ್ನು ನೋಡುತ್ತ ಎದುರಿಗೆ ಕೂತರು. ಗಾಯಕ ಕರೆದ. "ಈಗ ಇಂವ ಮಾತ ಬಿಟ್ಟಾ," ಎಂದೆ, "ತಂತಿ ಒಮ್ಮಿ ಉತ್ತರಾ ಕೊಟ್ತು."

"ಒಮ್ಮಿ ಅಲ್ರಿ. ಎರಡ ಸಲ."

"ಒಮ್ಮಿ ಕೇಳತೈತ್ರಿ ನನಗ."

"ಎರಡ ಸಲ ಕೊಡತೈತಿ. ಒಂದ ಗಟ್ಟಿಯಾಗಿ ಕೊಡತೈತಿ. ಅದರ ಬೆನ್ನಿಗೆ ಇನ್ನೊಂದು, ಅಗದೀ ಸಣ್ಣಾಗಿ, ತನಗ ತಾನ ಹೇಳಿಕೊಂಡಂಗ. ಹಿಂದ ಹಚ್ರಿ."

ಸೂಜಿ ಎತ್ತಿ ಹಿಂದಿನ ಗೆರೆಗೆ ಇಟ್ಟೆ. ಕಣ್ಣು ಮುಚ್ಚಿದೆ. ಗಾಯಕ ಕರೆದ, ತಂತಿ ಗಟ್ಟಿಯಾಗಿ ಉತ್ತರ ಕೊಟ್ಟಿತು. ಅದು ಆರುವ ಮೊದಲು, ಆ ಸರಸರ ಸದ್ದಿನ ಅಡಿಯಲ್ಲಿ, ಇನ್ನೊಂದು ಇತ್ತು. ಕೂದಲೆಳೆಯಷ್ಟು. ಆ ರಿಕಾರ್ಡನ್ನು ಮಾರಿದವನು ನಾನು. ಮಾರುವ ಮುಂಚೆ ಮೂರು ಸಲ, ಮಾರಿದ ಮೇಲೆ ಈ ಮನೆಯಲ್ಲಿ ಕೂತು ಎಷ್ಟು ಸಲವೋ ಕೇಳಿದ್ದೆ.

ಕಣ್ಣು ತೆರೆದು ಎರಡು ಬೆರಳು ತೋರಿಸಿದೆ. ಬೀರಪ್ಪಣ್ಣ ಜೋರಾಗಿ ನಕ್ಕರು, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದರು.

"ಹ್ಞೂಂ," ಎಂದರು. "ಮುಂದಿಂದ ಹೇಳ್ರಿ."